ಒಳಗೆಳೆದ ಹೌದು

ಮಾಲ್ಮೊ,
14 ಏಪ್ರಿಲ್ 1997

ಪ್ರೀತಿಯ ಹಿಲ್ದುರ್,

ಇಷ್ಟು ವರ್ಷ ‘ಅತ್ತೆಗೆ’ ಎಂದು ಪತ್ರ ಶುರು ಮಾಡುತ್ತಿದ್ದೆ. ಈ ಸಲ ಪೆನ್ನು ಅಲ್ಲೇ ನಿಂತಿತು. ಫೆಬ್ರುವರಿಯಲ್ಲಿ ನ್ಯಾಯಾಲಯದ ಕಾಗದ ಬಂದ ಮೇಲೆ ನಾನು ಸ್ಟಾಫಾನ್‌ನ ಹೆಂಡತಿಯಲ್ಲ. ಹಾಗಾದರೆ ನಿಮಗೆ ನಾನು ಏನಾಗಬೇಕು? ಹೊರದೇಶಗಳಿಂದ ಬಂದವರಿಗೆ ನಮ್ಮ ಭಾಷೆ ಕಲಿಸುವುದೇ ನನ್ನ ಉದ್ಯೋಗ, ಆದರೂ ಇದಕ್ಕೊಂದು ಪದ ಹೊಳೆಯಲಿಲ್ಲ. ಅದಕ್ಕೇ ಹೆಸರು ಬರೆದಿದ್ದೇನೆ. ತಪ್ಪೆನಿಸಿದರೆ ಹೇಳಿ.

ಈಸ್ಟರ್ ದಿನ ಫೋನ್ ಮಾಡಿದಾಗ ಒಂದು ಮಾತು ಕೇಳಿದ್ದೆ. ‘ಎಂದಿನ ಹಾಗೆ ಜುಲೈಯಲ್ಲಿ ಸೀಕ್‌ವಿಕ್‌ಗೆ ಬರಲಾ?’ ನಿಮ್ಮ ಕಡೆಯಿಂದ ಬಂದದ್ದು ಒಂದು ಉಸಿರು. ಆಮೇಲೆ ‘ಕೊಲ್ಲಿಯಲ್ಲಿ ಮಂಜುಗಡ್ಡೆ ಇನ್ನೂ ಗಟ್ಟಿಯಾಗೇ ಇದೆ’ ಅಂದಿರಿ. ಫೋನ್ ಇಟ್ಟಿರಿ.

ಉತ್ತರದ ನಿಮ್ಮ ಕಡೆಯವರ ಉಸಿರು ನನಗೆ ಹೊಸದೇನಲ್ಲ. ಮದುವೆಯಾದ ಹೊಸತರಲ್ಲಿ ನಿಮ್ಮ ಅಡುಗೆಮನೆಯಲ್ಲಿ ‘ಇನ್ನೊಂದು ಲೋಟ ಕಾಫಿ ತಗೊಳ್ಳಲಾ?’ ಎಂದು ಕೇಳಿದ್ದೆ. ನೀವು ತುಟಿ ಚೂಪು ಮಾಡಿ ‘ಶುಪ್’ ಎಂದು ಗಾಳಿಯನ್ನು ಒಳಗೆಳೆದುಕೊಂಡಿರಿ. ಏನೋ ಅನಾಹುತ ಮಾಡಿಬಿಟ್ಟೆ ಎಂದು ಹೆದರಿ ನಾನು ಲೋಟ ಕೆಳಗಿಟ್ಟೆ. ಸ್ಟಾಫಾನ್ ಬಿದ್ದು ಬಿದ್ದು ನಕ್ಕ.

‘ಅಮ್ಮ ಹೌದು ಅಂದಳು ಕಣೆ! ಇಲ್ಲಿ ಹೌದು ಅನ್ನೋದನ್ನ ಯಾರೂ ಹೊರಗೆ ಬಿಡಲ್ಲ, ಒಳಗೆ ಎಳ್ಕೋತಾರೆ. ಈ ಚಳೀಲಿ ಬಾಯಿ ತೆಗೆದ್ರೆ ನಷ್ಟ.’

‘ದಕ್ಷಿಣದವಳು. ಕಲಿತಾಳೆ ಬಿಡು’ ಅಂದಿರಿ ನೀವು.

ಕಲಿತೆ. ಉಸಿರಿನ ಜೊತೆ ಹುಬ್ಬು ಮೇಲೇರಿದರೆ ಅದು ಹೌದು. ಹುಬ್ಬು ಏರದೆ ಭುಜ ಇಳಿದರೆ ಬರೀ ನಿಟ್ಟುಸಿರು. ಆದರೆ ಹಿಲ್ದುರ್, ಫೋನಿನಲ್ಲಿ ಹುಬ್ಬು ಎಲ್ಲಿ ಕಾಣುತ್ತದೆ? ಎರಡು ವಾರದಿಂದ ಆ ಉಸಿರನ್ನು ತಿರುವಿ ಮುರುವಿ ಕೇಳಿಸಿಕೊಳ್ಳುತ್ತಿದ್ದೇನೆ. ಒಂದು ದಿನ ಹೌದು ಎನ್ನಿಸುತ್ತದೆ. ಮರುದಿನ, ‘ಇವಳಿಗೆ ಇದೆಲ್ಲ ಬಾಯಿ ಬಿಟ್ಟು ಹೇಳಬೇಕೇ’ ಎಂಬ ನಿಟ್ಟುಸಿರಿನಂತೆ ಕೇಳಿಸುತ್ತದೆ.

ನಿಮ್ಮ ಮಗನನ್ನು ಮರಳಿ ಪಡೆಯುವ ಹಂಚಿಕೆ ಇದಲ್ಲ. ಆ ಮಾತು ಮುಗಿಯಿತು. ನನಗೆ ಬೇಕಾದದ್ದು ಜುಲೈಯ ಮೂರು ವಾರ. ರೊಟ್ಟಿ ಸುಡಲೆಂದೇ ಕಟ್ಟಿದ ರೊಟ್ಟಿಮನೆಯ ಒಲೆ, ಅದರ ಮೇಲಿನ ಕೋಣೆ, ಸೂರ್ಯ ಮುಳುಗಲು ಮನಸ್ಸಿಲ್ಲದೆ ಕೊಲ್ಲಿಯ ಅಂಚಿನಲ್ಲಿ ಕೂತಿರುವುದು, ಜೊತೆಗೆ ನೀವು. ಬೇಡವೆಂದರೆ ಅರ್ಥ ಮಾಡಿಕೊಳ್ಳುತ್ತೇನೆ. ಆದರೆ ಪದದಲ್ಲಿ ಹೇಳಿ.

ನಿಮ್ಮ
ಡೀಸಾ


ಸೀಕ್‌ವಿಕ್,
27 ಏಪ್ರಿಲ್

ಡೀಸಾ,

ಪತ್ರ ಬಂತು. ಹೆಸರು ಹಿಡಿದು ಬರೆದಿದ್ದೀಯ. ನನ್ನ ಹೆಸರು ಅದೇ ತಾನೆ, ಪಾದ್ರಿ ನೀರು ಹಾಕಿ ಇಟ್ಟದ್ದು. ತಪ್ಪೇನಿಲ್ಲ.

ಮಾಲ್ಮೊದಲ್ಲಿ ಆಗಲೇ ಹೂ ಬಿಟ್ಟಿದೆ ಎಂದು ರೇಡಿಯೊದವರು ಹೇಳಿದರು. ಹೇಳಲಿ. ಇಲ್ಲಿ ಬಾವಿಗೆ ಹೋಗುವ ದಾರಿಯಲ್ಲಿ ಇನ್ನೂ ಹಿಮ ತೋಡಬೇಕು. ಮಂಜುಗಡ್ಡೆ ಮಾತ್ರ ಬೂದು ಬಣ್ಣಕ್ಕೆ ತಿರುಗಿದೆ, ಇನ್ನು ಅದರ ಮೇಲೆ ಕಾಲಿಡುವಂತಿಲ್ಲ. ಕಳೆದ ವಾರ ಕೊನೆಯ ಸಲ ಅದರಲ್ಲಿ ರಂಧ್ರ ಕೊರೆದು ಮೀನಿಗೆ ಕೂತಿದ್ದೆ. ಪಕ್ಕದ ಮನೆಯ ರುನೆಗೆ ಒಂದೂ ಸಿಗಲಿಲ್ಲ. ನನಗೆ ಒಂದು ಬಕೆಟ್ ಸಿಕ್ಕಿತು. ‘ನಿನ್ನ ಗಾಳಕ್ಕೆ ಏನು ಮಂತ್ರ ಹಾಕ್ತೀಯ ಹಿಲ್ದುರ್?’ ಅಂದ. ‘ಬಾಯಿ ಮುಚ್ಕೊಂಡು ಕೂರ್ತೀನಿ, ಅಷ್ಟೆ’ ಅಂದೆ.

ಮಂಡಿ ನೋವು ಹೋದ ವರ್ಷದಷ್ಟೇ ಇದೆ. ಸಮುದ್ರದ ನೀರು ಇನ್ನೂ ಹಿಂದೆ ಸರಿದಿದೆ. ನನ್ನ ಗಂಡ ದೋಣಿಮನೆ ಕಟ್ಟಿದಾಗ ಅಲೆ ಬಾಗಿಲಿಗೇ ಬಡಿಯುತ್ತಿತ್ತು. ಇಲ್ಲಿ ನೆಲ ವರ್ಷವರ್ಷ ಒಂದಿಷ್ಟು ಮೇಲೇಳುತ್ತದಲ್ಲ, ಈಗ ಮುಂದೆಲ್ಲ ಹುಲ್ಲು ಬೆಳೆದಿದೆ, ದೋಣಿಯನ್ನು ಎಳೆದುಕೊಂಡು ಹೋಗಬೇಕು.

ನೀನು ಕೇಳಿದ್ದಕ್ಕೆ ಈಸ್ಟರ್ ದಿನವೇ ಉತ್ತರ ಕೊಟ್ಟಿದ್ದೇನೆ.

ಹಿಲ್ದುರ್


ಮಾಲ್ಮೊ,
6 ಮೇ

ಪ್ರೀತಿಯ ಹಿಲ್ದುರ್,

ಉತ್ತರ ಕೊಟ್ಟಿದ್ದೀರಿ, ಸರಿ. ಯಾವ ಉತ್ತರ?

ನಿಮ್ಮ ಪತ್ರವನ್ನು ತರಗತಿಯ ಪಾಠದಂತೆ ಓದಿದೆ. ರುನೆಯ ಗಾಳ, ನಿಮ್ಮ ಮಂಡಿ, ಹಿಂದೆ ಸರಿದ ಸಮುದ್ರ. ಇದರಲ್ಲಿ ನನ್ನ ಜುಲೈ ಎಲ್ಲಿದೆ? ‘ಬಾಯಿ ಮುಚ್ಚಿಕೊಂಡು ಕೂರುತ್ತೇನೆ’ ಎನ್ನುವುದು ರುನೆಗೆ ಹೇಳಿದ್ದೋ, ನನಗೆ ಹೇಳಿದ್ದೋ ಎಂದು ಅರ್ಧ ದಿನ ಯೋಚಿಸಿದೆ. ಹೀಗೆ ಯೋಚಿಸುವುದು ನನ್ನ ದೌರ್ಬಲ್ಯ ಎಂದು ಗೊತ್ತು. ಸ್ಟಾಫಾನ್ ಹೇಳುತ್ತಿದ್ದ, ‘ನೀನು ಮಾತನ್ನ ಈರುಳ್ಳಿ ಸುಲಿದ ಹಾಗೆ ಸುಲೀತೀಯ, ಕೊನೆಗೆ ಏನೂ ಇರಲ್ಲ, ಬರೀ ಕಣ್ಣೀರು’ ಎಂದು. ಇರಬಹುದು. ಆದರೆ ಯಾರಾದರೂ ಮಾತಾಡಿದ್ದರಲ್ಲವೇ ಸುಲಿಯುವುದು?

ತರಗತಿಯಲ್ಲಿ ಬೋಸ್ನಿಯಾದಿಂದ ಬಂದ ಸೆನಾದ ಎಂಬ ಹೆಂಗಸು ಇದ್ದಾಳೆ. ಕಟ್ಟಾ ಮಾತುಗಾತಿ. ಉತ್ತರದ ಕಡೆ ಕೆಲಸ ಸಿಕ್ಕಿದೆ ಎಂದಳು. ಅಲ್ಲಿಯವರು ಹೌದು ಎನ್ನುವ ರೀತಿಯನ್ನು ಮಾಡಿ ತೋರಿಸಿದೆ. ತರಗತಿಯೆಲ್ಲ ನಕ್ಕಿತು. ಸೆನಾದ ಮಾತ್ರ ನಗಲಿಲ್ಲ. ‘ಟೀಚರ್, ನಿಮ್ಮ ಜನ ಹೌದು ಅನ್ನೋದಕ್ಕೂ ಇಷ್ಟು ಜಿಪುಣರಾ? ಬೇಡ ಅಂತ ಹೇಗೆ ಹೇಳ್ತಾರೆ ಹಾಗಾದ್ರೆ?’ ಅಂದಳು. ನಿಜವಾಗಿ, ನೀವು ಯಾರಿಗಾದರೂ ‘ಬೇಡ’ ಎಂದದ್ದನ್ನು ನಾನು ಇಷ್ಟು ವರ್ಷದಲ್ಲಿ ಕೇಳಿದ್ದೇನೆಯೇ? ಇಷ್ಟವಿಲ್ಲದ ನೆಂಟರು ಬಂದರೆ ನೀವು ಹವಾಮಾನದ ಬಗ್ಗೆ ಮಾತಾಡುತ್ತೀರಿ. ಆ ದಿನ ನನ್ನ ಜೊತೆಯೂ ಮಂಜುಗಡ್ಡೆಯ ಬಗ್ಗೆ ಮಾತಾಡಿದಿರಿ.

ಮತ್ತೆ ಕೇಳುತ್ತಿದ್ದೇನೆ, ನಾಚಿಕೆ ಬಿಟ್ಟು. ಬರಲೇ, ಬೇಡವೇ? ಕಾರ್ಡಿನ ಮೇಲೆ ಒಂದು ಪದ ಸಾಕು.

ನಿಮ್ಮ
ಡೀಸಾ


ಸೀಕ್‌ವಿಕ್,
25 ಮೇ, ಅಮ್ಮಂದಿರ ದಿನ

ಡೀಸಾ,

ಸ್ಟಾಫಾನ್ ಬಂದಿದ್ದ. ಈಗ ಅವನ ಜೊತೆಗಿರುವ ಮೋನಾಳನ್ನೂ ಕರೆದುಕೊಂಡು ಬಂದಿದ್ದ. ಒಳ್ಳೆಯ ಹುಡುಗಿ, ಬಾಗಿಲಲ್ಲಿ ಚಪ್ಪಲಿ ನೆಟ್ಟಗೆ ಬಿಟ್ಟಳು. ಆಲೂಗಡ್ಡೆ ಕಡುಬು ಮಾಡಿದ್ದೆ, ಒಳಗೆ ಹಂದಿಮಾಂಸ ಇಟ್ಟು, ಮೇಲೆ ಬೆಣ್ಣೆ. ಅವಳು ಒಂದನ್ನು ನಾಲ್ಕು ಭಾಗ ಮಾಡಿ ಒಂದು ಭಾಗ ತಿಂದಳು. ‘ತುಂಬಾ ಚೆನ್ನಾಗಿದೆ, ಆದರೆ ಸ್ವಲ್ಪ ಭಾರ ಅಲ್ವಾ?’ ಅಂದಳು. ಕಡುಬು ಭಾರ ಇಲ್ಲದೆ ಗಾಳಿಯಲ್ಲಿ ಹಾರಬೇಕಿತ್ತೋ ಏನೋ. ಸ್ಟಾಫಾನ್ ಏಳು ತಿಂದು ಬೆಂಚಿನ ಮೇಲೆ ಗೊರಕೆ ಹೊಡೆದ.

ಆಲೂಗಡ್ಡೆ ಬಿತ್ತಿ ಆಯಿತು. ರೊಟ್ಟಿಮನೆಯ ಚಿಮಣಿಯನ್ನು ರುನೆ ಕೆರೆದು ಕೊಟ್ಟ. ಮೇಲಿನ ಕೋಣೆಗೆ ಹೊಸ ಪರದೆ ಹೊಲಿದಿದ್ದೇನೆ, ನೀಲಿ. ರಾತ್ರಿಯೆಲ್ಲ ಬೆಳಕು ಬಂದು ನಿದ್ದೆ ಬರುವುದಿಲ್ಲ ಎನ್ನುವವರಿಗೆ ಇರಲಿ ಎಂದು ದಪ್ಪ ಬಟ್ಟೆ ಹಾಕಿದೆ.

ಇನ್ನೊಂದು ಮಾತು. ಎರಡೆರಡು ಸಲ ಕೇಳುವುದು ನಮ್ಮ ಕಡೆ ಚೆನ್ನಾಗಿ ಕಾಣುವುದಿಲ್ಲ. ಮೊದಲ ಸಲ ಹೇಳಿದ್ದನ್ನು ನಂಬಲಿಲ್ಲ ಎಂದಾಗುತ್ತದೆ.

ಹಿಲ್ದುರ್


ಗೈರಾಂಗೆರ್, ನಾರ್ವೆ,
9 ಜುಲೈ

ಪ್ರೀತಿಯ ಹಿಲ್ದುರ್,

ಅಂಚೆಚೀಟಿ ನೋಡಿ ನಿಮಗೆ ಆಶ್ಚರ್ಯವಾಗಲಾರದು. ನೀವು ನನ್ನನ್ನು ಎದುರು ನೋಡಿರಲಾರಿರಿ. ನಿಮ್ಮ ಮೇ ತಿಂಗಳ ಪತ್ರವನ್ನು ಎಷ್ಟು ಸಲ ಓದಿದರೂ ಆ ನೀಲಿ ಪರದೆ ಯಾರಿಗೆ ಎನ್ನುವುದರಲ್ಲಿ ಸಿಕ್ಕಿಹಾಕಿಕೊಳ್ಳುತ್ತಿದ್ದೆ. ಬೆಳಕಿನಲ್ಲಿ ನಿದ್ದೆ ಬರುವುದಿಲ್ಲ ಎಂದು ಪ್ರತಿ ವರ್ಷ ಗೊಣಗುತ್ತಿದ್ದವಳು ನಾನು. ಆದರೆ ಆ ಕೋಣೆಯಲ್ಲಿ ಈಗ ಮಲಗುವವಳು ಮೋನಾ. ಮೂರನೇ ಸಲ ಕೇಳುವಂತಿಲ್ಲ, ಅದಕ್ಕೆ ನೀವೇ ಬಾಗಿಲು ಹಾಕಿದಿರಿ. ಕೊನೆಗೆ ಶಾಲೆಯ ಗೆಳತಿ ಬಿರ್ಗಿಟ್ಟಳ ಜೊತೆ ಬೆಟ್ಟಗಳ ನಡುವಿನ ಫ್ಯೋರ್ಡ್ ಕೊಲ್ಲಿಗಳನ್ನು ನೋಡುವ ಬಸ್ ಪ್ರವಾಸಕ್ಕೆ ಹೆಸರು ಕೊಟ್ಟೆ.

ಇಲ್ಲಿ ಎಲ್ಲವೂ ಚೆಲುವಾಗಿದೆ. ಇದನ್ನು ಹೇಳುವಾಗಲೇ ನನಗೆ ಸಿಟ್ಟು ಬರುತ್ತಿದೆ. ಬಂಡೆಗಳು ನೇರವಾಗಿ ಹಸಿರು ನೀರಿಗೆ ಇಳಿದಿವೆ. ಎತ್ತರದಿಂದ ಜಲಪಾತಗಳು ಬೀಳುತ್ತವೆ, ಕೆಲವು ಅರ್ಧ ದಾರಿಯಲ್ಲೇ ಹೊಗೆಯಾಗಿ ಕರಗಿಹೋಗುತ್ತವೆ. ನೋಡಿದರೆ ಉಸಿರು ನಿಲ್ಲುತ್ತದೆ. ಆದರೆ ಉಸಿರು ನಿಲ್ಲುವ ಮೊದಲೇ ಮಾರ್ಗದರ್ಶಿ ಮೈಕಿನಲ್ಲಿ ‘ಎಡಗಡೆ ನೋಡಿ, ಈಗ ಬಲಗಡೆ ನೋಡಿ’ ಎನ್ನುತ್ತಾನೆ. ಇಡೀ ಬಸ್ಸು ಒಟ್ಟಿಗೆ ‘ಓ’ ಎನ್ನುತ್ತದೆ. ಸೀಕ್‌ವಿಕ್‌ನಲ್ಲಿ ನನಗೆ ಯಾರೂ ಯಾವತ್ತೂ ನೋಡು ಎನ್ನಲಿಲ್ಲ. ಬೆಸ್ತರ ಬಲೆ ಒಣಗಿಸುವ ಕಂಬಗಳು, ಬಿಳಿ ಬರ್ಚ್ ಮರಗಳು, ಚಪ್ಪಟೆ ಸಮುದ್ರ. ನೋಡಲು ಏನೂ ಇಲ್ಲ ಎಂದು ಮೊದಲ ವರ್ಷ ಅಂದುಕೊಂಡಿದ್ದೆ. ಯಾವಾಗ ನೋಡಲು ಕಲಿತೆನೋ ಗೊತ್ತಿಲ್ಲ. ಬಹುಶಃ ಮೀನು ಕೆರೆಯುತ್ತ ಕೂತಿದ್ದಾಗ.

ಊಟವೂ ಹಾಗೇ. ಹೋಟೆಲಿನಲ್ಲಿ ಉದ್ದನೆಯ ಮೇಜಿನ ಮೇಲೆ ಸಾಲ್ಮನ್‌ನ ಮೂರು ಬಗೆ, ಸೀಗಡಿಯ ಗುಡ್ಡ, ಹುಳಿಕೆನೆಯ ಗಂಜಿ, ಕಂದು ಬಣ್ಣದ ಸಿಹಿ ಚೀಸ್. ನಿನ್ನೆ ಬಿರ್ಗಿಟ್ಟ ಎರಡನೇ ಸಲ ತಟ್ಟೆ ತುಂಬಿಸಿಕೊಂಡು ಬಂದು ನನ್ನನ್ನು ದಿಟ್ಟಿಸಿದಳು.

‘ಏನೇ ಇದು, ಸಾವಿನ ಮನೆಯಲ್ಲಿ ಊಟ ಮಾಡೋ ಹಾಗೆ ಮಾಡ್ತಿದೀಯ? ಸೀಗಡಿ ನಿನಗೇನು ಮಾಡಿತ್ತು?’

‘ಚೆನ್ನಾಗಿದೆ’ ಅಂದೆ.

‘ಚೆನ್ನಾಗಿದ್ರೆ ಮುಖಕ್ಕೂ ಸ್ವಲ್ಪ ತಿಳಿಸು. ಮೂರು ದಿನದಿಂದ ಆ ಮುದುಕಿ ಹೌದು ಅಂದಳೋ ಇಲ್ಲವೋ ಅಂತ ಕೇಳಿ ಕೇಳಿ ನನಗೇ ಉಬ್ಬಸ ಬರ್ತಿದೆ. ಹೋಗಿ ಬಾಗಿಲು ತಟ್ಟಿದ್ರೆ ಆಗ್ತಿತ್ತಲ್ಲ?’

ಆಗುತ್ತಿತ್ತೇ? ಇಷ್ಟು ವರ್ಷ ಗಂಡನ ಮನೆಯೆಂದು ಬಂದವಳು ಈ ವರ್ಷ ಕರೆಯದೆ ಬಂದು ನಿಂತಿದ್ದರೆ, ನೀವು ಕಾಫಿ ಕೊಡುತ್ತಿದ್ದಿರಿ, ಹವಾಮಾನ ಮಾತಾಡುತ್ತಿದ್ದಿರಿ, ನನಗೆ ಅಲ್ಲಿಯೂ ಗೊತ್ತಾಗುತ್ತಿರಲಿಲ್ಲ. ಅದನ್ನು ತಾಳಿಕೊಳ್ಳುವ ಶಕ್ತಿ ನನಗಿರಲಿಲ್ಲ. ಇದು ಸ್ವಾಭಿಮಾನವೋ ಹೇಡಿತನವೋ ತೂಗಿ ನೋಡುತ್ತಿದ್ದೇನೆ. ಇನ್ನೂ ತಕ್ಕಡಿ ನಿಂತಿಲ್ಲ.

ನಾಳೆ ಹಿಮನದಿ ನೋಡಲು ಹೋಗುತ್ತೇವೆ. ಅದೂ ಚೆಲುವಾಗಿರುತ್ತದೆ.

ಡೀಸಾ


ಸೀಕ್‌ವಿಕ್,
17 ಜುಲೈ

ಡೀಸಾ,

ನಾರ್ವೆಯ ಪತ್ರ ಬಂತು. ಸೀಗಡಿ ಚೆನ್ನಾಗಿತ್ತು ಎಂದು ತಿಳಿದು ಸಂತೋಷ.

ಜುಲೈಯ ಮೊದಲ ಶನಿವಾರ ಮಧ್ಯಾಹ್ನದ ಬಸ್ಸಿಗೆ ಕೈಗಾಡಿ ಎಳೆದುಕೊಂಡು ನಿಲ್ದಾಣಕ್ಕೆ ಹೋಗಿದ್ದೆ. ನೀನು ಯಾವಾಗಲೂ ಆ ಬಸ್ಸಿಗೇ ಬರುತ್ತೀಯ, ಪುಸ್ತಕದ ಪೆಟ್ಟಿಗೆ ಭಾರ ಇರುತ್ತದೆ. ಬಸ್ಸಿನಿಂದ ರುನೆಯ ತಂಗಿ ಇಳಿದಳು, ಇಬ್ಬರು ಜರ್ಮನರು ಇಳಿದರು. ಬಾಗಿಲು ಮುಚ್ಚಿಕೊಂಡಿತು. ಭಾನುವಾರವೂ ಹೋದೆ, ರೈಲು ತಪ್ಪಿರಬಹುದು ಎಂದು. ಡ್ರೈವರ್ ಕಿಟಕಿಯಿಂದ ತಲೆ ಹೊರಗೆ ಹಾಕಿ ಊರಿಗೆಲ್ಲ ಕೇಳುವಂತೆ ಕೂಗಿದ, ‘ಏನು ಹಿಲ್ದುರ್, ಮಾಲ್ಮೊ ಸೊಸೆ ಕೈ ಕೊಟ್ಟಳಾ?’

‘ಗೊಬ್ಬರದ ಮೂಟೆ ಬರೋದಿತ್ತು’ ಅಂದೆ. ಖಾಲಿ ಗಾಡಿ ಎಳೆದುಕೊಂಡು ಬಂದೆ.

ನೀನು ಬರುತ್ತೀಯೆಂದು ಶುಕ್ರವಾರವೇ ರೊಟ್ಟಿಮನೆಯ ಒಲೆ ಹಚ್ಚಿದ್ದೆ. ಒಬ್ಬಳೇ ಲಟ್ಟಿಸಿ, ಒಬ್ಬಳೇ ಉದ್ದ ಕೋಲಿನಲ್ಲಿ ತಿರುವಿ ಹಾಕಿ, ಬೆನ್ನು ಎರಡು ತುಂಡಾಯಿತು. ಇಬ್ಬರ ಕೆಲಸ ಅದು. ಕಾಫಿಯಲ್ಲಿ ತುಂಡು ಹಾಕಿ ನೆನೆಸುವ ಚೀಸಿನ ಗಿಣ್ಣು ತರಿಸಿದ್ದೆ, ನೀನು ಲೋಟದ ತಳದಿಂದ ಚಮಚದಲ್ಲಿ ಕೆದಕಿ ತಿನ್ನುತ್ತೀಯಲ್ಲ ಅದು. ಅದು ರುನೆಯ ನಾಯಿಗೆ ಹೋಯಿತು.

ಪರದೆ ಯಾರಿಗೆಂದು ಕೇಳುತ್ತೀಯ. ಮೋನಾ ಮರದ ದಿಮ್ಮಿಯ ಹಾಗೆ ನಿದ್ದೆ ಮಾಡುತ್ತಾಳೆ, ಅವಳಿಗೆ ಯಾವ ಪರದೆಯೂ ಬೇಡ.

ನಾನು ಹೌದು ಅಂದಿದ್ದೆ. ಹೌದು ಅಂದದ್ದು ಹೌದೇ. ನಿನಗೆ ಹುಬ್ಬು ಬೇಕಿತ್ತು, ಕಾರ್ಡು ಬೇಕಿತ್ತು, ಅಂಚೆಯಲ್ಲಿ ಮೊಹರು ಹಾಕಿಸಿ ಕಳಿಸಬೇಕಿತ್ತು. ನಾನೇನು ಸರ್ಕಾರಿ ಕಚೇರಿಯೇ?

ಹಿಲ್ದುರ್


ಮಾಲ್ಮೊ,
28 ಜುಲೈ

ಹಿಲ್ದುರ್,

ನಿಮ್ಮ ಪತ್ರ ಓದಿ ಅಳು ಬಂತು. ಖಾಲಿ ಗಾಡಿ ಕಣ್ಣ ಮುಂದಿಂದ ಹೋಗುತ್ತಿರಲಿಲ್ಲ. ಕ್ಷಮೆ ಕೇಳಿ ಮೂರು ಪುಟ ಬರೆದೆ. ಆ ಪುಟಗಳನ್ನು ಕಳಿಸುತ್ತಿಲ್ಲ. ಯಾಕೆಂದರೆ ಈ ನಡುವೆ ಸ್ಟಾಫಾನ್ ಫೋನ್ ಮಾಡಿದ.

ಕಾರಿನ ವಿಮೆಯನ್ನು ಯಾರ ಹೆಸರಿಗೆ ಮಾಡಿಸಬೇಕೆಂದು ಕೇಳಲು ಮಾಡಿದ್ದ. ಮಾತು ಮುಗಿಯುವಾಗ ನಾನೇ ಹೇಳಿದೆ, ಜುಲೈಯಲ್ಲಿ ಅಮ್ಮನನ್ನು ವೃಥಾ ಕಾಯಿಸಿದೆ, ತುಂಬ ಬೇಸರವಾಗಿದೆ ಎಂದು.

‘ಕಾಯಿಸಿದ್ಯಾ? ನೀನು ಬರೋದಿತ್ತಾ?’ ಅಂದ.

‘ಈಸ್ಟರ್ ದಿನ ಫೋನ್ ಮಾಡಿ ಕೇಳಿದ್ದೆನಲ್ಲ.’

‘ಆ ಫೋನಾ? ನಾನು ಅಲ್ಲೇ ಮೇಜಿನ ಹತ್ರ ಕೂತಿದ್ದೆ, ಮೋನಾನೂ ಇದ್ಲು. ಅಮ್ಮ ಏನೂ ಅನ್ನಲಿಲ್ಲಪ್ಪ. ಮಂಜುಗಡ್ಡೆ ವಿಷಯ ಹೇಳಿ ಇಟ್ಟುಬಿಟ್ಲು. ಯಾರು ಅಂತ ಕೇಳಿದ್ದಕ್ಕೆ, ಯಾರೋ ರಾಂಗ್ ನಂಬರ್ ಅಂದ್ಲು.’

ರಾಂಗ್ ನಂಬರ್.

ಹಾಗಾದರೆ ನಿಮ್ಮ ಹೌದು ನಿಜವಾಗಿಯೂ ಹೌದೇ, ನಾನು ಒಪ್ಪುತ್ತೇನೆ. ನನ್ನ ಕಿವಿಯನ್ನು ಇಷ್ಟು ದಿನ ಬೈದುಕೊಂಡೆ, ಅದು ಬೇಕಿರಲಿಲ್ಲ. ಅಷ್ಟು ಮೆಲ್ಲಗೆ ಒಳಗೆಳೆದದ್ದು ಚಳಿಗಲ್ಲ, ನಿಮ್ಮೂರಿನ ರೂಢಿಗೂ ಅಲ್ಲ. ಮೇಜಿನ ಬಳಿ ಕೂತ ಮಗನಿಗೆ ಕೇಳಿಸದಿರಲಿ ಎಂದು. ಆಮೇಲೆ ಪತ್ರದಲ್ಲಿ ಒಂದು ಪದ ಬರೆಯಲಿಲ್ಲ. ಬರೆದದ್ದನ್ನು ನಾಳೆ ಯಾರಾದರೂ ತೋರಿಸಬಹುದಲ್ಲ. ಉಸಿರಾದರೆ ಸಾಕ್ಷಿಯಿಲ್ಲ.

ತಾಯಿ ಮಗನಿಗೆ ಹೆದರುವುದು ನನಗೆ ಅರ್ಥವಾಗುತ್ತದೆ. ಅವನು ನಿಮಗೆ ಇರುವ ಒಬ್ಬನೇ ಮಗ. ನಾನು ಕಾಗದದ ಮೇಲೆ ಯಾರೂ ಅಲ್ಲ. ಆದರೆ ನನ್ನನ್ನು ಬರಲು ಹೇಳಿ, ಬರುವುದನ್ನು ಬಚ್ಚಿಡುವುದಾಗಿದ್ದರೆ, ಅವನು ನಡುವೆ ಬಂದುಬಿಟ್ಟಿದ್ದರೆ ಏನು ಮಾಡುತ್ತಿದ್ದಿರಿ? ನನ್ನನ್ನು ರೊಟ್ಟಿಮನೆಯ ಅಟ್ಟ ಹತ್ತಿಸುತ್ತಿದ್ದಿರೇ? ನಲವತ್ತೈದರ ವಯಸ್ಸಿನಲ್ಲಿ ನಾನು ಕದ್ದು ಬರುವ ಅತಿಥಿಯಾಗಲಾರೆ. ಇಡೀ ವಸಂತ ನಾನು ಕೇಳಿದ್ದು, ಬರಲು ಜಾಗವಿದೆಯೇ ಎಂದಲ್ಲ ಎಂದು ಈಗ ಅನ್ನಿಸುತ್ತದೆ. ನಾನು ಬರುತ್ತೇನೆಂದು ಇನ್ನೊಬ್ಬರ ಮುಂದೆ ಹೇಳುತ್ತೀರಾ ಎಂದು.

ಇದು ಹೆಚ್ಚಾಯಿತೇ? ಇರಬಹುದು. ಆದರೂ ಕಳಿಸುತ್ತಿದ್ದೇನೆ.

ಡೀಸಾ


ಸೀಕ್‌ವಿಕ್,
24 ಆಗಸ್ಟ್

ಡೀಸಾ,

ಮೂರು ವಾರ ಉತ್ತರ ಬರೆಯಲಿಲ್ಲ. ಸಿಟ್ಟು ಬಂದಿತ್ತು. ಮಾಲ್ಮೊದಲ್ಲಿ ಕೂತು ನನ್ನ ಅಡುಗೆಮನೆಯೊಳಗೆ ಇಣುಕುತ್ತಾಳೆ ಅನ್ನಿಸಿತು. ಬ್ಲೂಬೆರಿ ಆರಿಸಿದೆ, ಜಾಮ್ ಮಾಡಿದೆ, ನಿನ್ನನ್ನು ಬೈದೆ.

ಈಸ್ಟರ್ ದಿನ ಅವರಿಬ್ಬರೂ ಮೇಜಿನ ಹತ್ತಿರ ಕೂತಿದ್ದರು. ಮೋನಾ ಮೊದಲ ಸಲ ಬಂದಿದ್ದಳು. ನಾನೇನು ಸ್ಟಾಕ್‌ಹೋಮ್‌ನವರ ಹಾಗೆ ಫೋನಿನಲ್ಲಿ ‘ಬಾರಮ್ಮಾ ಬಾ’ ಎಂದು ಕೂಗಬೇಕಿತ್ತೇ? ಹಾಗಂತ ಬರೆದಿದ್ದೆ, ಆ ಪತ್ರ ಒಲೆಗೆ ಹಾಕಿದೆ. ಯಾಕೆಂದರೆ ಅವರು ಹೋದ ಮೇಲೂ ನಾನು ಬರೆಯಲಿಲ್ಲ. ಆಗ ಮೇಜಿನ ಹತ್ತಿರ ಯಾರೂ ಇರಲಿಲ್ಲ.

ಗುರುವಾರ ಹುಳಿಮೀನಿನ ದಿನ, ತಿಂಗಳುಗಟ್ಟಲೆ ಹುಳಿ ಬರಿಸಿದ ಮೀನಿನ ಡಬ್ಬಿಯನ್ನು ವರ್ಷದ ಮೊದಲ ಸಲ ತೆರೆಯುವ ದಿನ. ಇಬ್ಬರೂ ಬಂದರು. ರುನೆಯನ್ನೂ ಕರೆದಿದ್ದೆ. ಅಂಗಳದಲ್ಲಿ ಮೇಜು ಹಾಕಿ, ಉಬ್ಬಿದ ಡಬ್ಬಿಯನ್ನು ನೀರಿನ ಬಕೆಟ್ಟಿನಲ್ಲಿ ಮುಳುಗಿಸಿ ತೆರೆದೆ. ಮೋನಾ ಬರ್ಚ್ ಮರದ ಹಿಂದೆ ಹೋಗಿ ಮೂಗು ಹಿಡಿದುಕೊಂಡು ನಿಂತಳು. ‘ಇದು ಕೊಳೆತಿದೆ, ಯಾರಾದ್ರೂ ಇವರಿಗೆ ಹೇಳ್ರೀ’ ಅಂದಳು. ರುನೆ ನಕ್ಕು ನಕ್ಕು ಬೆಂಚಿನಿಂದ ಜಾರಿದ. ಆಮೇಲೆ ಪಾಪ, ಬಂದು ಕೂತಳು. ತೆಳುರೊಟ್ಟಿಯ ಮೇಲೆ ಬೆಣ್ಣೆ, ಆಲೂಗಡ್ಡೆ, ಈರುಳ್ಳಿ ಹರಡಿ ಬೆರಳಿನಷ್ಟು ಮೀನು ಇಟ್ಟು ಕೊಟ್ಟೆ. ತಿಂದಳು. ‘ವಾಸನೆಗಿಂತ ರುಚಿ ವಾಸಿ’ ಅಂದಳು. ಆ ಹುಡುಗಿಯ ಮೇಲೆ ನನಗೆ ದ್ವೇಷವಿಲ್ಲ, ತಿಳಿದುಕೊ.

ಸ್ಟಾಫಾನ್ ಎರಡನೇ ರೊಟ್ಟಿ ಸುತ್ತುತ್ತ ಹೇಳಿದ, ‘ಅಮ್ಮ, ಮುಂದಿನ ವರ್ಷ ಜುಲೈ ಪೂರ್ತಿ ಇಲ್ಲೇ ಇರ್ತೀವಿ. ರೊಟ್ಟಿಮನೆ ಮೇಲಿನ ಕೋಣೆಗೆ ಬಣ್ಣ ಹೊಡೀತೀನಿ.’

ನಾನು ಹೇಳಿದೆ, ‘ಜುಲೈ ಡೀಸಾಳದ್ದು. ನೀವು ಆಗಸ್ಟಿನಲ್ಲಿ ಬನ್ನಿ.’

ಗಟ್ಟಿಯಾಗೇ ಹೇಳಿದೆ. ಅಷ್ಟು ಗಟ್ಟಿಯಾಗಿ ಬರುತ್ತದೆಂದು ನನಗೇ ಗೊತ್ತಿರಲಿಲ್ಲ. ರುನೆ ತಿನ್ನುವುದನ್ನು ನಿಲ್ಲಿಸಿದ.

‘ಯಾವ ಡೀಸಾ?’ ಅಂದ ನನ್ನ ಮಗ. ಎಷ್ಟು ಡೀಸಾಗಳು ಗೊತ್ತು ಅವನಿಗೆ?

‘ರೊಟ್ಟಿ ಲಟ್ಟಿಸೋ ಡೀಸಾ.’

‘ಅಮ್ಮ, ನಾವು ಬೇರೆ ಆಗಿದೀವಿ. ಅವಳು ಈಗ ನಮ್ಮವಳಲ್ಲ.’

‘ನೀನು ಬೇರೆ ಆಗಿದೀಯ. ನನ್ನನ್ನ ಯಾರೂ ಕೇಳಲಿಲ್ಲ, ನಾನು ಯಾವ ಕಾಗದಕ್ಕೂ ಸಹಿ ಹಾಕಿಲ್ಲ.’

ಅವನು ರೊಟ್ಟಿ ಹಾಗೇ ಬಿಟ್ಟು ಎದ್ದ. ಮೋನಾ ಅವನ ತೋಳು ಹಿಡಿದು ಏನೋ ಹೇಳಿದಳು, ಅವನು ಕೇಳಲಿಲ್ಲ. ಸಂಜೆಯ ಬೆಳಕಿರುವಾಗಲೇ ಕಾರು ಹತ್ತಿ ಹೊರಟರು. ಶುಕ್ರವಾರ ಫೋನ್ ಮಾಡಲಿಲ್ಲ, ಶನಿವಾರವೂ ಮಾಡಲಿಲ್ಲ, ಈವತ್ತೂ ಇಲ್ಲ. ಡಬ್ಬಿ ತುಂಬ ಮೀನು ಉಳಿಯಿತು. ಅಂಗಳ ಇನ್ನೂ ನಾರುತ್ತಿದೆ.

ನೀನು ಕೇಳಿದ್ದನ್ನು ಮಾಡಿದ್ದೇನೆ. ಇನ್ನು ನನ್ನ ಸರದಿ. ಮುಂದಿನ ಜುಲೈಗೆ ಬರುತ್ತೀಯೋ ಇಲ್ಲವೋ? ಮೂರು ಪುಟ ಬರೆಯಬೇಡ.

ಹಿಲ್ದುರ್


ಮಾಲ್ಮೊ,
15 ಸೆಪ್ಟೆಂಬರ್

ಹಿಲ್ದುರ್,

ನಿಮ್ಮ ಪತ್ರ ಬಂದ ದಿನವೇ ಉತ್ತರ ಬರೆಯಲು ಕೂತೆ. ಕಾಗದದ ಮೇಲೆ ದಿನಾಂಕ ಹಾಕಿದೆ. ಆಮೇಲೆ ಏನೂ ಬರೆಯಲಾಗಲಿಲ್ಲ. ಇಡೀ ವರ್ಷ ಯಾವ ಪದಕ್ಕಾಗಿ ನಿಮ್ಮನ್ನು ಪೀಡಿಸಿದೆನೋ ಅದೇ ಪದ ನನ್ನ ಪೆನ್ನಿನಿಂದ ಹೊರಡಲಿಲ್ಲ. ಬರೆದರೆ, ನಿಮ್ಮ ಮಗನ ಜಾಗದಲ್ಲಿ ನಾನು ಕೂತಂತಾಗುತ್ತದೆ. ಬರೆಯದಿದ್ದರೆ, ಅಂಗಳದಲ್ಲಿ ಅಷ್ಟು ಜನರ ಮುಂದೆ ನೀವು ಆಡಿದ ಮಾತು ಅನಾಥವಾಗುತ್ತದೆ. ಬೇಕು ಬೇಕು ಎಂದು ಹಟ ಹಿಡಿಯುವಾಗ, ಕೊಡುವವರ ಕೈ ಎಷ್ಟು ಖಾಲಿಯಾಗುತ್ತದೆಂದು ನಾನು ಯೋಚಿಸಿರಲಿಲ್ಲ. ಯೋಚಿಸುವುದೇ ನನ್ನ ಕಸುಬು ಎಂದುಕೊಂಡಿದ್ದವಳು.

ನಿನ್ನೆ ಸ್ಟಾಫಾನ್‌ಗೆ ಫೋನ್ ಮಾಡಿದೆ. ನನ್ನ ಪರವಾಗಿ ಇನ್ನೊಂದು ಸಲ ನೀವು ಗಟ್ಟಿಯಾಗಿ ಹೇಳಬೇಕಾಗಿ ಬರಬಾರದು ಎಂದು.

‘ಸೀಕ್‌ವಿಕ್‌ಗೆ ಹೋಗ್ತಿದೀನಿ. ನಿನಗೆ ಗೊತ್ತಿರಲಿ’ ಅಂದೆ.

‘ಅಮ್ಮ ನಿನ್ನ ಆಸ್ತಿ ಅಲ್ಲ ಡೀಸಾ’ ಅಂದ.

‘ನಿನ್ನದೂ ಅಲ್ಲ. ಮೂರು ವಾರದಿಂದ ಅವರಿಗೆ ಒಂದು ಫೋನ್ ಮಾಡಿಲ್ಲ ನೀನು. ಅಷ್ಟು ವಯಸ್ಸಾದವರು ಅಂಗಳದಲ್ಲಿ ಉಳಿದ ಮೀನು ಬಾಚಿದ್ದಾರೆ.’

‘ನೀನು ಇನ್ನೂ ನನ್ನ ಹೆಂಡತಿ ಥರಾನೇ ಬೈತೀಯ’ ಅಂದ. ನಗುತ್ತಿದ್ದನೋ ಗೊಣಗುತ್ತಿದ್ದನೋ ತಿಳಿಯಲಿಲ್ಲ. ಅವನೂ ನಿಮ್ಮೂರಿನವನೇ.

ಅವನು ನಿಮಗೆ ಫೋನ್ ಮಾಡುತ್ತಾನೋ ಇಲ್ಲವೋ ನನಗೆ ಗೊತ್ತಿಲ್ಲ. ಮಾಡದಿದ್ದರೆ ಅದರ ಅರ್ಧ ಭಾರ ನನ್ನದು ಎಂದು ಗೊತ್ತು. ನಿಮ್ಮ ಮೇಲೆ ನನಗೆ ಇನ್ನೂ ಸಿಟ್ಟಿದೆ. ಆ ರಾಂಗ್ ನಂಬರ್ ಗಂಟಲಲ್ಲಿ ಮೀನಿನ ಮುಳ್ಳಿನಂತೆ ಸಿಕ್ಕಿಕೊಂಡಿದೆ, ಆಗಸ್ಟಿನ ಗುರುವಾರ ನೀವು ಆಡಿದ ಮಾತಿನಿಂದಲೂ ಅದು ಇಳಿದಿಲ್ಲ. ನಿಮಗೂ ನನ್ನ ಮೇಲೆ ಕಡಿಮೆಯೇನೂ ಇರಲಿಕ್ಕಿಲ್ಲ.

ಮುಂದಿನ ಜುಲೈಯ ವಿಷಯ ಕೇಳಿದ್ದೀರಿ. ಜುಲೈವರೆಗೆ ಕಾದರೆ ನಾವಿಬ್ಬರೂ ಸಭ್ಯರಾಗಿಬಿಡುತ್ತೇವೆ. ನೀವು ಗಿಣ್ಣು ತರಿಸುತ್ತೀರಿ, ನಾನು ಹೊಸ ಪರದೆಯನ್ನು ಹೊಗಳುತ್ತೇನೆ, ಇದೆಲ್ಲ ನಡೆದೇ ಇಲ್ಲವೇನೋ ಎಂಬಂತೆ ರೊಟ್ಟಿ ಲಟ್ಟಿಸುತ್ತೇವೆ. ನನಗೆ ಅದು ಬೇಡ. ನಿಮ್ಮ ಆಲೂಗಡ್ಡೆ ಇನ್ನೂ ನೆಲದಲ್ಲೇ ಇರಬೇಕು, ಆ ಮಂಡಿ ಹೊತ್ತುಕೊಂಡು ನೀವು ಒಬ್ಬರೇ ಅಗೆಯುವಂತಿಲ್ಲ. ಶಾಲೆಯಲ್ಲಿ ರಜೆ ಕೇಳಿದ್ದೇನೆ. ಶನಿವಾರ ಬರುತ್ತಿದ್ದೇನೆ.

ಹಗಲು ಅಗೆಯೋಣ. ಸಂಜೆ ಅಡುಗೆಮನೆಯಲ್ಲಿ ಎದುರುಬದುರು ಕೂತು ಜಗಳವಾಡೋಣ, ರುನೆಗೆ ಕೇಳಿಸಿದರೆ ಕೇಳಿಸಲಿ.

ಡೀಸಾ